ಲೆಂಬೆಯ ಕಪ್ಪು ಮರಳಲ್ಲಿ ವಿಚಿತ್ರ ಜೀವಿಗಳನ್ನು ನೋಡಲು: ವೇಟ್, ಗಾಳಿ, ಕ್ಯಾಮೆರಾ, ಮುಟ್ಟದಿರುವುದು

ಕಾವೇರಿತೀರ

ಎಲ್ಲರಿಗೂ ನಮಸ್ಕಾರ. ಆಗಸ್ಟ್ ಕೊನೆಗೆ ಇಬ್ಬರು ಇಂಡೋನೇಷ್ಯಾದ ಲೆಂಬೆಗೆ ಸ್ಕೂಬಾ ಡೈವಿಂಗ್‌ಗೆ ಹೊರಟಿದ್ದೇವೆ. ಆರು ದಿನ, ದಿನಕ್ಕೆ ಮೂರು ಡೈವ್. ಇಬ್ಬರಿಗೂ ಅಡ್ವಾನ್ಸ್‌ಡ್ ಓಪನ್ ವಾಟರ್ ಸರ್ಟಿಫಿಕೇಟ್ ಇದೆ. ನೇತ್ರಾಣಿ, ಹ್ಯಾವ್‌ಲಾಕ್ ಸೇರಿ 28 ಡೈವ್. ಮಿಮಿಕ್ ಆಕ್ಟೋಪಸ್, ಹೇರಿ ಫ್ರಾಗ್‌ಫಿಶ್, ಪಿಗ್ಮಿ ಕಡಲಕುದುರೆ ನೋಡಲು ಇಷ್ಟು ಅನುಭವ ಸಾಕೇ? 3 ಮಿ.ಮೀ. ವೆಟ್‌ಸೂಟ್ ಸಾಲುತ್ತದೆಯೇ? ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿಸಿದ ಗಾಳಿ) ಬೇಕೇ? ಕ್ಯಾಮೆರಾ ಒಲಿಂಪಸ್ ಟಿಜಿ-6.

ಕಪ್ಪುಮರಳು

ಡೈವ್ ಎಷ್ಟಾಗಿದೆ ಅನ್ನುವುದು ಇಲ್ಲಿ ದೊಡ್ಡ ವಿಷಯವಲ್ಲ. ತಳದಿಂದ ಅರ್ಧ ಮೀಟರ್ ಮೇಲೆ, ಕೈಕಾಲು ಆಡಿಸದೆ, ಎರಡು ನಿಮಿಷ ಅಡ್ಡಡ್ಡ ನಿಲ್ಲಲು ಬರುತ್ತದೆಯೇ? ಬಂದರೆ 28 ಧಾರಾಳ ಸಾಕು. ಬರದಿದ್ದರೆ 200 ಆಗಿದ್ದರೂ ಅಲ್ಲಿ ತೊಂದರೆ.

ಕಾರಣ ಆ ಜಾಗದ ಗುಣದಲ್ಲೇ ಇದೆ. ಉತ್ತರ ಸುಲವೇಸಿಯ ಬಿಟುಂಗ್ ಬಂದರಿಗೂ ಎದುರಿನ ಲೆಂಬೆ ದ್ವೀಪಕ್ಕೂ ನಡುವೆ ಸುಮಾರು 16 ಕಿ.ಮೀ. ಉದ್ದದ ಇಕ್ಕಟ್ಟಾದ ಜಲಸಂಧಿ. ತಳದಲ್ಲಿ ಹೆಚ್ಚಾಗಿ ಜ್ವಾಲಾಮುಖಿಯ ಕಪ್ಪು ಮರಳು, ಅದರ ಮೇಲೆ ನಯವಾದ ಹೂಳು. ಉಬ್ಬರವಿಳಿತದ ಸೆಳೆತ ಆಹಾರ ತಂದು ಸುರಿಯುತ್ತದೆ, ಆದರೆ ಬಯಲಿನಲ್ಲಿ ಅಡಗಲು ಹವಳದ ಸಂದುಗಳಿಲ್ಲ. ಹಾಗಾಗಿ ಅಲ್ಲಿ ಬದುಕುವ ಪ್ರಾಣಿ ಒಂದೋ ಮರಳಿನೊಳಗೆ ಹೂತುಕೊಳ್ಳಬೇಕು, ಇಲ್ಲ ಬೇರೇನೋ ಆಗಿ ಕಾಣಬೇಕು, ಇಲ್ಲ ವಿಷ ಇಟ್ಟುಕೊಂಡಿರಬೇಕು. ನೀವು ನೋಡಲು ಹೊರಟಿರುವ ವಿಚಿತ್ರಗಳೆಲ್ಲ ಈ ಮೂರರಲ್ಲಿ ಒಂದು ದಾರಿ ಹಿಡಿದವು.

ಕಾಲನ್ನು ಮೇಲೆ ಕೆಳಗೆ ಬಡಿಯುವ ಮಾಮೂಲಿ ಕಿಕ್ ಹೊಡೆದಿರೋ, ಆ ಹೂಳು ಎದ್ದು ನೀರು ರಾಡಿಯಾಗುತ್ತದೆ, ತಿಳಿಯಾಗಲು ಹತ್ತು ನಿಮಿಷ ಬೇಕು. ಕಪ್ಪೆ ಈಜುವಂತೆ ಮೊಣಕಾಲು ಮಡಚಿ, ಪಾದ ಹೊರಕ್ಕೆ ತಿರುಗಿಸಿ, ನೀರನ್ನು ಹಿಂದಕ್ಕೆ ಮಾತ್ರ ತಳ್ಳುವ ಫ್ರಾಗ್ ಕಿಕ್ ಕಲಿಯಿರಿ. ಅದಕ್ಕಿಂತ ಮುಖ್ಯ ಬ್ಯಾಕ್ ಕಿಕ್. ಫೋಟೋ ತೆಗೆದ ಮೇಲೆ ಹಿಂದೆ ಸರಿಯಲು ಬರದವರು ಅಲ್ಲೇ ತಿರುಗುತ್ತಾರೆ, ತಿರುಗುವಾಗ ಫಿನ್ ಹೋಗಿ ಅದೇ ಪ್ರಾಣಿಗೆ ಬಡಿಯುತ್ತದೆ. ಮಳೆಗಾಲದಲ್ಲಿ ನೇತ್ರಾಣಿಯಲ್ಲಿ ಡೈವ್ ಇರುವುದಿಲ್ಲವಾದ್ದರಿಂದ ಬೆಂಗಳೂರಿನ ಈಜುಕೊಳದಲ್ಲೇ ನಾಲ್ಕು ಸಲ ಅಭ್ಯಾಸ ಮಾಡಿ. ತಳದಲ್ಲಿ ಒಂದು ನಾಣ್ಯ ಇಟ್ಟು, ಮುಖ ಅದರಿಂದ ಒಂದು ಗೇಣು ದೂರ ಇರುವಂತೆ ನಿಂತು, ಹಿಂದಕ್ಕೆ ಮೂರು ಮೀಟರ್ ಸರಿಯಬೇಕು. ಹೊಟ್ಟೆ ನೆಲಕ್ಕೆ ತಾಗಬಾರದು.

ಹುಬ್ಬಳ್ಳಿ_ಹಡಗು

ಮೇಲಿನ ಮಾತು ಖರೇ ಅದ. ಆದ್ರ ಕಿಕ್‌ಕಿಂತ ಮೊದಲ ವೇಟ್ (ಮುಳಗಾಕ ಕಟ್ಟಿಕೊಳ್ಳೋ ಸೀಸದ ತೂಕ) ಸರಿ ಮಾಡ್ಕೊರಿ. ಆಗಸ್ಟಿನ್ಯಾಗ ನೀರು 25ರಿಂದ 27 ಡಿಗ್ರಿ. ಥಂಡಿ ಅನಸೂದಿಲ್ಲ ಅಂತೀರಿ, ಆದ್ರ ಅಲ್ಲೆ ಒಂದೊಂದು ಡೈವ್ 65–70 ನಿಮಿಷ, ಅದೂ ಅಲುಗಾಡದ ನಿಂತಿರೂದು. 3 ಮಿ.ಮೀ. ಹಾಕ್ಕೊಂಡವ್ರು ಮೂರನೇ ದಿನಕ್ಕ ನಡುಗತಾರ, ನಡುಗಿದ್ರ ಗಾಳಿ ಜಾಸ್ತಿ ಎಳೀತಾರ. 5 ಮಿ.ಮೀ. ಉದ್ದ ತೋಳಿಂದು ಒಯ್ಯರಿ, ಜೋಡಿಗೆ ಒಂದು ತೆಳ್ಳನ ಹುಡ್.

5 ಮಿ.ಮೀ. ಅಂದ್ರ ವೇಟ್ ಒಂದೆರಡು ಕಿಲೋ ಏರ್ತದ. ಎಷ್ಟು ಅನ್ನೂದನ್ನ ಮಂದಿ ಕೇಳಿ ಹಾಕ್ಕೊಬ್ಯಾಡ್ರಿ. ಮೊದಲನೇ ಡೈವಿನ ಕೊನೀಗೆ, ಸಿಲಿಂಡರಿನ ಗೇಜಿನ್ಯಾಗ 50 ಬಾರ್ ಒತ್ತಡ ಇದ್ದಾಗ, 5 ಮೀಟರಿನ್ಯಾಗ ನಿಂತು ಬಿಸಿಡಿ (ಗಾಳಿ ತುಂಬೋ ಡೈವ್ ಜಾಕೆಟ್) ಪೂರಾ ಖಾಲಿ ಮಾಡ್ರಿ. ಸಣ್ಣಗ ಉಸಿರಾಡಕೋತ ಅಲ್ಲೇ ನಿಂತ್ರ ವೇಟ್ ಸರಿ ಅದ. ಮುಳಗಿದ್ರ ಒಂದು ಕಿಲೋ ತಗೀರಿ, ಮ್ಯಾಲೆ ಏರಿದ್ರ ಒಂದು ಕಿಲೋ ಹಾಕ್ರಿ. ಈ ಪರೀಕ್ಷಾ ಡೈವಿನ ಸುರುವಿಗೆ ಮಾಡಿದ್ರ ಉಪಯೋಗಿಲ್ಲ. 11 ಲೀಟರ್ ಅಲ್ಯೂಮಿನಿಯಂ ಸಿಲಿಂಡರ್ 200ರಿಂದ 50 ಬಾರ್‌ಗೆ ಇಳಿಯೂದ್ರಾಗ ಎರಡು ಕಿಲೋ ಗಾಳಿ ಹೋಗಿರ್ತದ, ಅಷ್ಟು ನೀವು ಹಗುರ ಆಗಿರ್ತೀರಿ.

ಇನ್ನೊಂದು. ವೇಟ್ ಎಲ್ಲಾ ಸೊಂಟಕ್ಕ ಕಟ್ಟಿದ್ರ ಕಾಲು ಕೆಳಗ ಜೋತು ಬೀಳ್ತಾವ, ಫಿನ್ ಮರಳು ಕೆದರ್ತಾವ. ಒಂದು ಕಿಲೋ ತಗದು ಸಿಲಿಂಡರಿನ ಪಟ್ಟಾಕ್ಕ ಏರಿಸ್ರಿ, ಮೈ ಅಡ್ಡ ಬರ್ತದ.

ಉಸಿರುಲೆಕ್ಕ

ನೈಟ್ರಾಕ್ಸ್ ಬಗ್ಗೆ. ಕಡ್ಡಾಯವಲ್ಲ, ಆದರೆ ಲೆಂಬೆಗೆ ಹೋಗುವವರಿಗೆ ಅದರಷ್ಟು ಉಪಯೋಗದ ಕೋರ್ಸ್ ಬೇರೆ ಇಲ್ಲ. ಆಳ ಕಡಿಮೆ, ಸಮಯ ಹೆಚ್ಚು, ದಿನಕ್ಕೆ ಮೂರು ಡೈವ್, ಆರು ದಿನ: ಸಾರಜನಕ ಮೈಯಲ್ಲಿ ಸೇರುತ್ತಾ ಹೋಗುವ ಮಾದರಿ ಇದೇ.

ಪ್ಯಾಡಿ (ಡೈವ್ ತರಬೇತಿ ಸಂಸ್ಥೆ) ಟೇಬಲ್ ಪ್ರಕಾರ 22 ಮೀಟರಿನಲ್ಲಿ ಸಾಮಾನ್ಯ ಗಾಳಿಗೆ ನೋ-ಡಿಕೊ ಮಿತಿ (ಕಡ್ಡಾಯ ನಿಲುಗಡೆಗಳಿಲ್ಲದೆ ಮೇಲೆ ಬರಬಹುದಾದ ಸಮಯ) 37 ನಿಮಿಷ. ಶೇ. 32 ಆಮ್ಲಜನಕದ ಮಿಶ್ರಣದಲ್ಲಿ ಅದೇ 22 ಮೀಟರ್ ನಿಮ್ಮ ಮೈಗೆ ಸುಮಾರು 17.5 ಮೀಟರಿನ ಹಾಗೆ. ಅದನ್ನು 18ಕ್ಕೆ ಏರಿಸಿ ನೋಡಿದರೆ 56 ನಿಮಿಷ. ಮಿತಿಯ ಇನ್ನೊಂದು ಕಡೆಯೂ ನೆನಪಿರಲಿ: ಶೇ. 32ಕ್ಕೆ 1.4 ಬಾರ್ ಆಮ್ಲಜನಕದ ಒತ್ತಡದ ಲೆಕ್ಕದಲ್ಲಿ ಗರಿಷ್ಠ ಆಳ 33 ಮೀಟರ್ ಚಿಲ್ಲರೆ. ಸಿಲಿಂಡರ್‌ಗೆ ಅಂಟಿಸಿದ ಚೀಟಿ ನಂಬಬೇಡಿ. ಅನಲೈಸರ್ ಹಿಡಿದು ನೀವೇ ಅಳೆಯಿರಿ, ಬಂದ ಅಂಕಿಯನ್ನು ಡೈವ್ ಕಂಪ್ಯೂಟರಿಗೆ ಹಾಕಿರಿ. ನಡೆಯುವ ತಪ್ಪು ಸಾಮಾನ್ಯವಾಗಿ ಇಲ್ಲೇ: ಸಿಲಿಂಡರ್‌ನಲ್ಲಿ ನೈಟ್ರಾಕ್ಸ್, ಕಂಪ್ಯೂಟರ್‌ನಲ್ಲಿ ಶೇ. 21.

ನೈಟ್ರಾಕ್ಸ್‌ನಿಂದ ಗಾಳಿ ಹೆಚ್ಚು ಹೊತ್ತು ಬರುವುದಿಲ್ಲ, ಅದನ್ನು ಬೆರೆಸಿಕೊಳ್ಳಬೇಡಿ. ಮೇಲ್ಮೈಯಲ್ಲಿ ನಿಮಿಷಕ್ಕೆ 15 ಲೀಟರ್ ಎಳೆಯುವವರಿಗೆ 20 ಮೀಟರಿನಲ್ಲಿ 45 ಲೀಟರ್ ಬೇಕು. 200ರಿಂದ 50 ಬಾರ್‌ವರೆಗೆ ಸಿಗುವುದು ಸುಮಾರು 1,665 ಲೀಟರ್, ಅಂದರೆ 37 ನಿಮಿಷ. ಅದೇ 10 ಮೀಟರಿಗೆ ಬಂದರೆ 55 ನಿಮಿಷ. ಆದ್ದರಿಂದ ಆಳದ ಕೆಲಸ ಮೊದಲ 15 ನಿಮಿಷದಲ್ಲಿ ಮುಗಿಸಿ ಇಳಿಜಾರಿನಲ್ಲಿ ಮೇಲೆ ಬನ್ನಿ. ಲೆಂಬೆಯ ಒಳ್ಳೆಯ ಜೀವಿಗಳಲ್ಲಿ ಬಹುಪಾಲು 5ರಿಂದ 18 ಮೀಟರಿನೊಳಗೇ ಇವೆ.

ಕಾವೇರಿತೀರ

ಧನ್ಯವಾದ. ನೈಟ್ರಾಕ್ಸ್ ಇಲ್ಲೇ ಮುಗಿಸುತ್ತೇವೆ. ಯಾವ ಪ್ರಾಣಿಯನ್ನು ಎಲ್ಲಿ, ಯಾವ ಹೊತ್ತಿನಲ್ಲಿ ಹುಡುಕಬೇಕು? ಗೈಡ್ ತೋರಿಸುತ್ತಾರೆ ಸರಿ, ಆದರೂ ನಮ್ಮ ಕಣ್ಣಿಗೂ ಗೊತ್ತಿರಲಿ.

ಕಪ್ಪುಮರಳು

ಇಬ್ಬರಿಗೆ ಒಬ್ಬ ಗೈಡ್ ಎಂದು ಮೊದಲೇ ಕೇಳಿ ಖಚಿತ ಮಾಡಿಕೊಳ್ಳಿ. ನಾಲ್ವರಿಗೆ ಒಬ್ಬರಾದರೆ ಒಂದು ಇಂಚಿನ ಪ್ರಾಣಿಯ ಮುಂದೆ ಸರತಿ ನಿಲ್ಲುವುದರಲ್ಲೇ ಅರ್ಧ ಡೈವ್ ಹೋಗುತ್ತದೆ. ಏನೇನು ನೋಡಬೇಕು ಎಂಬ ಪಟ್ಟಿಯನ್ನು ಹಿಂದಿನ ರಾತ್ರಿಯೇ ಕೊಡಿ, ಆದರೆ ಐದಕ್ಕಿಂತ ಹೆಚ್ಚು ಬರೆಯಬೇಡಿ. ಕಡಲಕುದುರೆಗೆ ಅಲ್ಲಿನವರು ಕುಡಾ ಲಾವುತ್ ಅನ್ನುತ್ತಾರೆ, ಕುಡಾ ಅಂದರೆ ಕುದುರೆ. ಈ ಒಂದು ಪದ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ.

ಮಿಮಿಕ್ ಆಕ್ಟೋಪಸ್: ಬಯಲು ಮರಳು, ಹಗಲು. ಇದು ಸುಲವೇಸಿ ಕರಾವಳಿಯಲ್ಲೇ 1998ರಲ್ಲಿ ಪತ್ತೆಯಾಗಿ 2005ರಲ್ಲಿ ವೈಜ್ಞಾನಿಕ ಹೆಸರು ಪಡೆದ ಪ್ರಾಣಿ. ಮೊದಲು ಕಾಣುವುದು ಬಿಲದಿಂದ ಎದ್ದ ಎರಡು ಕಣ್ಣು ಮಾತ್ರ. ಕಂಡ ತಕ್ಷಣ ಮೂರು ಮೀಟರ್ ದೂರದಲ್ಲಿ ತಗ್ಗಿ ನಿಲ್ಲಿ, ಐದು ನಿಮಿಷ ಕಾಯಿರಿ. ಅದಕ್ಕೆ ಹೊರಗೆ ಬೇಟೆಯಿದೆ, ಬಂದೇ ಬರುತ್ತದೆ. ಬಂದ ಮೇಲೆ ಸುತ್ತುವರಿಯಬೇಡಿ. ಒಂದು ಕಡೆ ತೆರೆದೇ ಇರಲಿ. ಅದರ ಹತ್ತಿರದ ಬಂಧು ವಂಡರ್‌ಪಸ್ ಹೊರಬರುವುದು ಮುಂಜಾನೆ, ಮುಸ್ಸಂಜೆ. ವಂಡರ್‌ಪಸ್ ಇಟ್ಟಿಗೆ ಬಣ್ಣದ್ದು, ಬಿಳಿ ಪಟ್ಟೆಗಳು ಅಂಚು ಕತ್ತರಿಸಿದಂತೆ ಸ್ಪಷ್ಟ. ಮಿಮಿಕ್‌ನ ಬಣ್ಣ ಮಾಸಲು ಕಂದು, ತೋಳಿನ ಬದಿಗುಂಟ ಉದ್ದಕ್ಕೆ ಒಂದು ಬಿಳಿ ಗೆರೆ.

ಹೇರಿ ಫ್ರಾಗ್‌ಫಿಶ್: ಪಾಚಿ ಹತ್ತಿದ ಉಂಡೆಯಂತೆ ಕೂತಿರುತ್ತದೆ. ಕೂದಲನ್ನು ಹುಡುಕಬೇಡಿ, ಹುಳುವನ್ನು ಹುಡುಕಿ. ಹಣೆಯ ಮೇಲಿನ ಗಾಳಕ್ಕೆ ಹುಳುವಿನಂಥ ತುದಿಯಿದೆ, ಅದನ್ನು ಕುಣಿಸಿ ಮೀನು ಸೆಳೆಯುತ್ತದೆ. ನುಂಗುವುದು ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತ ಬೇಗ. ನಿಮ್ಮ ಕಣ್ಣಿಗೆ ಕಾಣುವುದು ಮೀನು ಇತ್ತು, ಈಗಿಲ್ಲ ಎನ್ನುವಷ್ಟೇ. ಹೇರ್‌ಬಾಲ್ ಎಂಬ ಡೈವ್ ತಾಣಕ್ಕೆ ಇಂಥ ಜೀವಿಗಳದ್ದೇ ಹೆಸರು.

ಪಿಗ್ಮಿ ಕಡಲಕುದುರೆ, ಬಾರ್ಗಿಬಾಂಟಿ ಜಾತಿ: ಉದ್ದ ಎರಡೂವರೆ ಸೆಂಟಿಮೀಟರಿಗೂ ಕಡಿಮೆ, ಮ್ಯೂರಿಸೆಲ್ಲಾ ಎಂಬ ಬೀಸಣಿಗೆ ಹವಳ ಬಿಟ್ಟು ಬೇರೆಲ್ಲೂ ಇರುವುದಿಲ್ಲ. ಮೈಮೇಲಿನ ಗುಳ್ಳೆಗಳು ಆ ಹವಳದ ಮುಚ್ಚಿದ ಪಾಲಿಪ್‌ಗಳದೇ ಅಚ್ಚು. ಈ ಜಾತಿ ಪತ್ತೆಯಾದದ್ದೂ ಹಾಗೆಯೇ: 1969ರಲ್ಲಿ ನ್ಯೂ ಕ್ಯಾಲಿಡೋನಿಯಾದಲ್ಲಿ ಅಕ್ವೇರಿಯಂಗೆಂದು ಬೀಸಣಿಗೆ ಹವಳ ತಂದಾಗ ಅದರ ಮೇಲೆ ಇವು ಕೂತಿದ್ದವು. ಸಾಮಾನ್ಯವಾಗಿ 16 ಮೀಟರಿಗಿಂತ ಕೆಳಗೆ. ಆದ್ದರಿಂದ ಇದನ್ನು ಡೈವಿನ ಮೊದಲಿಗೇ ಇಟ್ಟುಕೊಳ್ಳಿ.

ಮ್ಯಾಂಡರಿನ್ ಮೀನು: ಸೂರ್ಯಾಸ್ತದ ಹೊತ್ತು, ಹವಳದ ಚೂರುಗಳ ರಾಶಿ, ಹತ್ತು ಮೀಟರಿನೊಳಗೆ. ಬೆಳಕು ಇರುವಾಗಲೇ ಇಳಿದು ಸ್ಥಳ ಹಿಡಿಯಬೇಕು. ಗಂಡುಹೆಣ್ಣು ಹೊಟ್ಟೆಗೆ ಹೊಟ್ಟೆ ತಾಗಿಸಿ ಸುಮಾರು ಒಂದು ಮೀಟರ್ ಮೇಲೇರುತ್ತವೆ, ಮೊಟ್ಟೆ ಬಿಟ್ಟು ಚೆದುರುತ್ತವೆ, ಎಲ್ಲ ಕೆಲವೇ ಸೆಕೆಂಡು. ಬಿಳಿ ಟಾರ್ಚ್ ಹಾಕಿದರೆ ಒಳಗೇ ಉಳಿಯುತ್ತವೆ. ಕೆಂಪು ಬೆಳಕು ಮಾತ್ರ.

ಮೂರನೇ_ಕಣ್ಣು

ಟಿಜಿ-6ಕ್ಕೆ ಕೆಲವು ಮಾತು. ಕ್ಯಾಮೆರಾ ತಾನೇ 15 ಮೀಟರ್ ತಡೆಯುತ್ತದೆ ಎಂದು ಹೌಸಿಂಗ್ (ನೀರು ಹೋಗದ ಹೊರಕವಚ) ಇಲ್ಲದೆ ಹೋಗಬೇಡಿ. ಕಂಪನಿಯದೇ ಹೌಸಿಂಗ್ 45 ಮೀಟರಿಗಿದೆ. ಮೈಕ್ರೋಸ್ಕೋಪ್ ಮೋಡ್‌ನಲ್ಲಿ ಒಂದು ಸೆಂಟಿಮೀಟರ್‌ವರೆಗೂ ಫೋಕಸ್ ಆಗುತ್ತದೆ, ಆದರೆ ಅಷ್ಟು ಹತ್ತಿರ ಹೋದರೆ ಲೆನ್ಸಿನದೇ ನೆರಳು ಬೀಳುತ್ತದೆ, ಪ್ರಾಣಿಯೂ ಓಡುತ್ತದೆ. ಒಂದು ಗೇಣು ದೂರದಿಂದ ಜೂಮ್ ಎಳೆದು ತೆಗೆಯಿರಿ.

ಹೊರಗಿನ ಸ್ಟ್ರೋಬ್ (ಫ್ಲ್ಯಾಶ್ ದೀಪ) ಇದ್ದರೆ ಅದನ್ನು ಲೆನ್ಸಿನ ಪಕ್ಕಕ್ಕೆ ಅಂಟಿಸಿದಂತೆ ಇಡಬೇಡಿ. ನೀರಿನಲ್ಲಿ ತೇಲುವ ಹೂಳಿನ ಕಣಗಳಿಗೆ ಬೆಳಕು ನೇರ ಬಿದ್ದು ಚಿತ್ರದ ತುಂಬ ಹಿಮ ಸುರಿದ ಹಾಗೆ ಚುಕ್ಕಿ. ಸ್ಟ್ರೋಬಿನ ತೋಳನ್ನು ಬದಿಗೆ ಚಾಚಿ, ಅದರ ಮುಖ ಸ್ವಲ್ಪ ಹೊರಕ್ಕೆ ತಿರುಗಿಸಿ, ಬೆಳಕಿನ ಅಂಚು ಮಾತ್ರ ಪ್ರಾಣಿಗೆ ತಾಗಲಿ. ಮಿರರ್‌ಲೆಸ್ ಕ್ಯಾಮೆರಾ ಇರುವವರಿಗೆ ಶುರುವಿನ ಸೆಟ್ಟಿಂಗ್: ಐಎಸ್‌ಒ 200, 1/200, ಎಫ್ 16. ಕಪ್ಪು ಮರಳು ಇರುವುದರಿಂದ ಆಟೋ ಎಕ್ಸ್‌ಪೋಷರ್ ಮೋಸ ಹೋಗುತ್ತದೆ, ಕಪ್ಪನ್ನು ಬೂದು ಮಾಡಲು ಹೋಗಿ ಪ್ರಾಣಿಯನ್ನು ಸುಟ್ಟ ಬಿಳಿ ಮಾಡುತ್ತದೆ. ಟಿಜಿಯಲ್ಲಿ ಕಾಂಪೆನ್ಸೇಷನ್ ಒಂದು ಸ್ಟಾಪ್ ಇಳಿಸಿ.

ಹೌಸಿಂಗ್ ಮುಚ್ಚುವುದು ಎಸಿ ಕೋಣೆಯ ಒಣ ಗಾಳಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣ ಇಟ್ಟು. ದೋಣಿಯ ಮೇಲೆ ತೆರೆದು ಮುಚ್ಚಿದರೆ ಒಳಗೆ ಸೇರಿದ ತೇವ ಇಳಿದ ಹತ್ತೇ ನಿಮಿಷಕ್ಕೆ ಗಾಜಿಗೆ ಮಂಜು ಕಟ್ಟುತ್ತದೆ. ಓ-ರಿಂಗ್ ಮೇಲೆ ಒಂದು ಕೂದಲು ಸಾಕು ನೀರು ನುಗ್ಗಲು. ಗ್ರೀಸ್ ಹೊಳಪು ಬರುವಷ್ಟೇ ಸವರಿ. ಹೆಚ್ಚಾದರೆ ಅದೇ ಮರಳನ್ನು ಹಿಡಿಯುತ್ತದೆ.

ಬೆಳಕಿನಬಲೆ

ಎಲ್ಲ ಸರಿ. ಒಂದು ಸಲಹೆ ನನ್ನದೂ: ಗೈಡ್ ಕೈಯಲ್ಲಿ ಲೋಹದ ಕಡ್ಡಿ ಇರುತ್ತದೆ. ಫ್ಲಾಂಬಾಯೆಂಟ್ ಕಟಲ್‌ಫಿಶ್ (ಆಕ್ಟೋಪಸ್ ಬಳಗದ ಪುಟ್ಟ ಪ್ರಾಣಿ) ಮಂಕಾಗಿ ಕೂತಿದ್ದರೆ ಹತ್ತಿರದ ಮರಳು ಸ್ವಲ್ಪ ತಟ್ಟಲು ಹೇಳಿ, ಹಳದಿ ನೇರಳೆ ಬಣ್ಣ ಬರುತ್ತದೆ. ಅಷ್ಟರಿಂದ ಅದಕ್ಕೇನೂ ಆಗುವುದಿಲ್ಲ. ಅಷ್ಟು ದೂರ ಹೋಗಿ ಕಂದು ಬಣ್ಣದ ಫೋಟೋ ತಂದರೆ ಏನು ಬಂತು?

ಕಪ್ಪುಮರಳು

ಇದನ್ನು ಒಪ್ಪುವುದಿಲ್ಲ ಸರ್, ಗಟ್ಟಿಯಾಗಿಯೇ ಹೇಳುತ್ತೇನೆ. ಆ ಕಟಲ್‌ಫಿಶ್ ದಿನದ ಹೆಚ್ಚು ಹೊತ್ತು ಮರಳಿನ ಬಣ್ಣದಲ್ಲೇ ಇರುವ ಪ್ರಾಣಿ. ಬಣ್ಣ ಉರಿಯುವುದು ಹೆದರಿದಾಗ, ಬೇಟೆಯಲ್ಲಿ, ಕೂಡುವ ಕಾಲದಲ್ಲಿ. ಬ್ಲೂ-ರಿಂಗ್ ಆಕ್ಟೋಪಸ್‌ನ ಉಂಗುರ ಮಿನುಗುವುದೂ ಕೆಣಕಿದಾಗಲೇ. ಪಫರ್ ಮೀನು ಉಬ್ಬುವುದೂ ಅಷ್ಟೇ. ಕಡ್ಡಿ ತಟ್ಟಿ ತೆಗೆದ ಚಿತ್ರದಲ್ಲಿ ನೀವು ತೋರಿಸುತ್ತಿರುವುದು ಆ ಪ್ರಾಣಿಯ ಭಯವನ್ನು. ಒಂದು ಪ್ರಾಣಿಗೆ ದಿನಕ್ಕೆ ನೀವೊಬ್ಬರೇ ಅಲ್ಲ. ನಾಲ್ಕಾರು ದೋಣಿ ಬರುತ್ತವೆ, ಪ್ರತಿ ದೋಣಿಯವರೂ ಸ್ವಲ್ಪವೇ ತಟ್ಟುತ್ತಾರೆ.

ಬಣ್ಣ ಬೇಕಿದ್ದರೆ ದಾರಿಯಿದೆ: ಎರಡು ಮೀಟರ್ ಹಿಂದೆ ನಿಂತು ಅದು ಬೇಟೆಗೆ ಹೊರಡುವವರೆಗೆ ಕಾಯಿರಿ. ಅದು ಈಜುವುದಕ್ಕಿಂತ ನೆಲದ ಮೇಲೆ ನಡೆಯುವುದೇ ಹೆಚ್ಚು, ಜೊತೆಜೊತೆಗೆ ಸಾಗಬಹುದು. ಸೀಗಡಿ ಕಂಡು ತೋಳು ಚಾಚುವಾಗ ಬಣ್ಣ ತಾನಾಗಿ ಹರಿಯುತ್ತದೆ. ಕಡ್ಡಿಯ ಕೆಲಸ ಒಂದೇ: ಸೆಳೆತ ಇದ್ದಾಗ ಬರಿ ಮರಳಿಗೆ ಊರಿ ಒಂದು ಬೆರಳಿನ ಆಸರೆ ಪಡೆಯುವುದು. ಊರುವ ಮೊದಲು ಅಲ್ಲಿ ಏನೂ ಇಲ್ಲವೆಂದು ನೋಡಬೇಕು.

ಮೂರನೇ_ಕಣ್ಣು

ಕಪ್ಪುಮರಳು ಅವರ ಮಾತಿಗೆ ಆಧಾರವೂ ಇದೆ. ತಳದ ಮೀನುಗಳ ಮೇಲೆ ಫ್ಲ್ಯಾಶ್ ಪರಿಣಾಮ ನೋಡಿದ 2019ರ ಅಧ್ಯಯನವೊಂದರಲ್ಲಿ ಫ್ಲ್ಯಾಶ್‌ನಿಂದಾದ ತೊಂದರೆ ಡೈವರ್ ಹತ್ತಿರ ನಿಂತದ್ದಕ್ಕಿಂತ ಹೆಚ್ಚಿರಲಿಲ್ಲ. ಮುಟ್ಟಿ ಸರಿಸಿದಾಗ ಮಾತ್ರ ಪ್ರತಿಕ್ರಿಯೆ ಜೋರಾಗಿತ್ತು. ಹಾಗೆಂದು ಪಿಗ್ಮಿ ಕುದುರೆಗೆ ಐವತ್ತು ಫ್ಲ್ಯಾಶ್ ಹೊಡೆಯಬೇಡಿ, ಐದಾರು ಸಾಕು. ಅದು ಬೆನ್ನು ತಿರುಗಿಸಿದರೆ ಮುಗಿಯಿತು, ಹೊರಡಿ. ಮುಖ ಕಾಣಲೆಂದು ಹವಳವನ್ನು ಬಗ್ಗಿಸುವವರಿದ್ದಾರೆ. ಗೈಡ್ ಹಾಗೆ ಮಾಡಲು ಬಂದರೆ ಅಂಗೈ ಅಡ್ಡ ಆಡಿಸಿ ಬೇಡವೆನ್ನಿ. ಅತಿಥಿಗೆ ಖುಷಿಯಾಗಲೆಂದು ಮಾಡುವ ಕೆಲಸ ಅದು, ಅತಿಥಿಯೇ ಬೇಡವೆಂದರೆ ನಿಲ್ಲುತ್ತದೆ. ದೋಣಿ ಹತ್ತುವ ಮೊದಲೇ ಹೇಳಿಬಿಟ್ಟರೆ ಇನ್ನೂ ಒಳ್ಳೆಯದು.

ಬೆಳಕಿನಬಲೆ

ಉಂಗುರ ಮಿನುಗುವುದು ಕೆಣಕಿದಾಗ ಎಂಬುದು ಗೊತ್ತಿತ್ತು, ಕಟಲ್‌ಫಿಶ್‌ನದು ಮಾಮೂಲಿ ಬಣ್ಣವೇ ಎಂದುಕೊಂಡಿದ್ದೆ. ಸಲಹೆ ಹಿಂತೆಗೆದುಕೊಳ್ಳುತ್ತೇನೆ. ಬ್ಲೂ-ರಿಂಗ್ ಕಚ್ಚಿದರೆ, ಚೇಳುಮೀನು ಚುಚ್ಚಿದರೆ ಏನು ಮಾಡಬೇಕೆಂದು ಯಾರಾದರೂ ಬರೆಯಿರಿ.

ಉಸಿರುಲೆಕ್ಕ

ಎರಡಕ್ಕೂ ಚಿಕಿತ್ಸೆ ಪೂರ್ತಿ ಬೇರೆ, ಬೆರೆಸಬಾರದು.

ಬ್ಲೂ-ರಿಂಗ್ ಆಕ್ಟೋಪಸ್ ನಿಂಬೆಹಣ್ಣಿನಷ್ಟಿರುತ್ತದೆ. ವಿಷ ಟೆಟ್ರೊಡೋಟಾಕ್ಸಿನ್, ಪ್ರತಿವಿಷ ಇಲ್ಲ. ಕಚ್ಚಿದ್ದು ನೋವಾಗದೆಯೇ ಇರಬಹುದು. ತುಟಿ, ನಾಲಿಗೆ ಜೋಮು ಹಿಡಿಯುತ್ತದೆ, ಆಮೇಲೆ ಸ್ನಾಯುಗಳು ಸೋತು ಉಸಿರು ನಿಲ್ಲುತ್ತದೆ. ಪ್ರಜ್ಞೆ ಇರುತ್ತದೆ, ಆದರೆ ಕಣ್ಣು ಮಿಟುಕಿಸಲೂ ಆಗುವುದಿಲ್ಲ. ತಕ್ಷಣ ನೀರಿನಿಂದ ಹೊರಗೆ. ಕಚ್ಚಿದ ಕೈ ಅಥವಾ ಕಾಲಿಗೆ ಕ್ರೇಪ್ ಬ್ಯಾಂಡೇಜ್ ಬಿಗಿಯಾಗಿ ಸುತ್ತಿ ಅಲುಗಾಡದಂತೆ ಕಟ್ಟು. ಉಸಿರು ನಿಂತರೆ ಬಾಯಿಂದ ಬಾಯಿಗೆ ಅಥವಾ ಮಾಸ್ಕಿನಿಂದ ಕೃತಕ ಉಸಿರು, ಆಸ್ಪತ್ರೆಯ ವೆಂಟಿಲೇಟರ್ ಸಿಗುವವರೆಗೆ ನಿಲ್ಲಿಸಬಾರದು. ಉಸಿರು ಕೊಡುತ್ತಾ ಹೋದರೆ ವಿಷ ತಾನಾಗಿ ಇಳಿಯುತ್ತದೆ, ರೋಗಿ ಉಳಿಯುತ್ತಾನೆ. ಅವನಿಗೆ ಎಲ್ಲ ಕೇಳಿಸುತ್ತಿರುತ್ತದೆ, ಧೈರ್ಯದ ಮಾತು ಆಡುತ್ತಿರಿ.

ಚೇಳುಮೀನು, ಕಲ್ಲುಮೀನು, ಮರಳಲ್ಲಿ ಹೂತಿರುವ ಡೆವಿಲ್‌ಫಿಶ್: ಇವುಗಳ ಮುಳ್ಳಿನ ವಿಷ ಬಿಸಿಗೆ ಕೆಡುತ್ತದೆ. ಸುಮಾರು 45 ಡಿಗ್ರಿ ನೀರಿನಲ್ಲಿ 30ರಿಂದ 90 ನಿಮಿಷ ಅದ್ದಿ. ನೋವಿದ್ದ ಕೈಗೆ ಬಿಸಿ ಗೊತ್ತಾಗದೆ ಸುಟ್ಟುಕೊಳ್ಳುತ್ತಾರೆ, ನೋವಿಲ್ಲದ ಕೈ ಹಾಕಿ ಪರೀಕ್ಷಿಸಿ. ಇಲ್ಲಿ ಬಿಗಿಯಾಗಿ ಬ್ಯಾಂಡೇಜ್ ಸುತ್ತಬಾರದು. ಕಲ್ಲುಮೀನು ಚುಚ್ಚಿದ್ದಾದರೆ ನೋವು ಇಳಿದರೂ ಆಸ್ಪತ್ರೆಗೆ ಹೋಗಲೇಬೇಕು. ದೋಣಿಯಲ್ಲಿ ಫ್ಲಾಸ್ಕಿನ ಬಿಸಿನೀರು, ಆಮ್ಲಜನಕದ ಕಿಟ್ ಇವೆಯೇ ಎಂದು ಮೊದಲ ದಿನವೇ ಕೇಳಿ.

ಹುಬ್ಬಳ್ಳಿ_ಹಡಗು

ಇದರ ಜೋಡಿಗೆ ಕಸದ ಮಾತು ಬರೀಬೇಕು. ಲೆಂಬೆ ತಳದಾಗ ಬಾಟಲಿ, ಡಬ್ಬಿ, ಚಪ್ಪಲಿ ಭಾಳ ಬಿದ್ದಾವ. ಒಳ್ಳೇ ಮನಸಿನವ್ರು ಅವನ್ನ ಆರಿಸಿ ಬಿಸಿಡಿ ಕಿಸೇದಾಗ ತುರುಕ್ತಾರ. ಹಂಗ ಮಾಡಬ್ಯಾಡ್ರಿ. ಬಾಟಲಿಯೊಳಗ ಬ್ಲೂ-ರಿಂಗ್ ಮನಿ ಮಾಡಿರ್ತದ, ತೆಂಗಿನ ಚಿಪ್ಪಿನ ಒಳಮೈಗೆ ಕಟಲ್‌ಫಿಶ್ ಬಿಳಿ ತತ್ತಿ ಅಂಟಿಸಿರ್ತದ, ಕೊಕೊನಟ್ ಆಕ್ಟೋಪಸ್ ಎರಡು ಚಿಪ್ಪು ಹೊತಗೊಂಡು ಅಡ್ಡಾಡ್ತದ. ಪ್ಲಾಸ್ಟಿಕ್ ಚೀಲ, ಹರಕ ಬಲಿ, ಗಾಳದ ದಾರ ತಗೀರಿ. ಬಾಟಲಿ, ಚಿಪ್ಪು ಇದ್ದಲ್ಲೇ ಬಿಡ್ರಿ. ತಗೀಲೇಬೇಕು ಅಂದ್ರ ಗೈಡ್ ನೋಡಿ ಹೂಂ ಅಂದ ಮ್ಯಾಲೆ.

ಕಾವೇರಿತೀರ

ಕಡೆಯ ಪ್ರಶ್ನೆ. ಬಂಗ್ಗೈ ಕಾರ್ಡಿನಲ್ ಮೀನು ಲೆಂಬೆಯಲ್ಲಿ ಎಲ್ಲೆಲ್ಲೂ ಇದೆ ಎಂದು ಓದಿದೆ, ಅದು ಅಲ್ಲಿಯದ್ದೇ? ಇನ್ನೊಂದು, ಕೊನೆಯ ದಿನ ತೊಮೊಹೊನ್ ಬೆಟ್ಟದ ಕಡೆ ಹೋಗಿ ರಾತ್ರಿ ಮನಾಡೊದಿಂದ ಸಿಂಗಾಪುರದ ವಿಮಾನ ಹಿಡಿಯುವ ಯೋಚನೆ ಇದೆ.

ಕಪ್ಪುಮರಳು

ಅಲ್ಲಿಯದ್ದಲ್ಲ. ಅದರ ತವರು ಮಧ್ಯ ಸುಲವೇಸಿಯ ಬಂಗ್ಗೈ ದ್ವೀಪಗಳು. ಅಕ್ವೇರಿಯಂ ವ್ಯಾಪಾರದ ದಾರಿಯಲ್ಲಿ ಲೆಂಬೆಗೆ ಬಂದು ಬೇರು ಬಿಟ್ಟಿದೆ. ತವರಿನಲ್ಲಿ ಅದೇ ಮೀನು ಅಳಿವಿನಂಚಿನ ಪಟ್ಟಿಯಲ್ಲಿದೆ. ಮರಿಗಳನ್ನು ಬಾಯಲ್ಲಿ ಸಾಕುವುದು ಗಂಡು. ಅದರ ಗದ್ದ ಉಬ್ಬಿದ್ದರೆ ನಿಧಾನಕ್ಕೆ ನೋಡಿ, ಒಳಗೆ ಬೆಳ್ಳಿ ಕಣ್ಣುಗಳು ಕಾಣುತ್ತವೆ.

ಒಂದು ಸೇರಿಸುತ್ತೇನೆ: ಬಿಟುಂಗ್ ದೊಡ್ಡ ಬಂದರು, ಜಲಸಂಧಿಯಲ್ಲಿ ಹಡಗು, ಮೀನುದೋಣಿ ಓಡಾಟ ಸದಾ ಇದೆ. ನಡುನೀರಿನಲ್ಲಿ ಮೇಲೇಳಬೇಡಿ. ಇಳಿಜಾರು ಹಿಡಿದೇ 5 ಮೀಟರಿಗೆ ಬಂದು, ಮೂರು ನಿಮಿಷ ನಿಂತು, ಮಾರ್ಕರ್ ಬಲೂನ್ ಬಿಟ್ಟು ಮೇಲೆ ಬನ್ನಿ. ಬಲೂನಿನ ರೀಲನ್ನು ಎಂದೂ ಬಿಸಿಡಿಗೆ ಸಿಕ್ಕಿಸಿಕೊಂಡು ಬಿಡಬಾರದು. ದಾರ ಸಿಕ್ಕಿದರೆ ನಿಮ್ಮನ್ನೇ ಎಳೆದುಕೊಂಡು ಏರುತ್ತದೆ. ಕೈಯಲ್ಲಿ ಹಿಡಿದು, ಬೇಕಾದರೆ ಬಿಟ್ಟುಬಿಡುವಂತಿರಲಿ.

ಉಸಿರುಲೆಕ್ಕ

ಆ ಬೆಟ್ಟದ ಯೋಜನೆ ಬದಲಿಸಿ. ಹಲವು ದಿನದ ಡೈವ್ ಆದ ಮೇಲೆ ವಿಮಾನಕ್ಕೆ ಕನಿಷ್ಠ 18 ಗಂಟೆ ಬಿಡುವು, 24 ಇಟ್ಟುಕೊಂಡರೆ ನೆಮ್ಮದಿ. ಎತ್ತರಕ್ಕೂ ಇದೇ ನಿಯಮ ಅನ್ವಯಿಸುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ತೊಮೊಹೊನ್ ಊರೇ ಸಮುದ್ರಮಟ್ಟದಿಂದ ಏಳೆಂಟು ನೂರು ಮೀಟರ್ ಎತ್ತರ, ಪಕ್ಕದ ಮಹಾವು ಶಿಖರ 1,300 ಮೀಟರಿಗೂ ಹೆಚ್ಚು. ಬೆಳಿಗ್ಗೆ ಡೈವ್ ಮಾಡಿ ಮಧ್ಯಾಹ್ನ ಅಲ್ಲಿಗೆ ಕಾರು ಹತ್ತುವುದು ವಿಮಾನ ಹತ್ತಿದಂತೆಯೇ.

ಐದನೇ ದಿನ ಮಧ್ಯಾಹ್ನಕ್ಕೆ ಡೈವ್ ನಿಲ್ಲಿಸಿ. ಆರನೇ ದಿನ ಬಿಟುಂಗ್ ಪಕ್ಕದ ತಂಗ್ಕೊಕೊ ಕಾಡಿಗೆ ಹೋಗಿ. ಕಪ್ಪು ಜುಟ್ಟಿನ ಕೋತಿ ಹಗಲಲ್ಲೇ ಸಿಗುತ್ತದೆ, ಅಂಗೈಯಷ್ಟಿನ ಟಾರ್ಸಿಯರ್ (ಪುಟ್ಟ ಕೋತಿಯಂಥ ಪ್ರಾಣಿ) ಮುಸ್ಸಂಜೆಗೆ ಮರದ ಪೊಟರೆಯಿಂದ ಹೊರಬರುತ್ತದೆ. ನೀವು ನಡೆಯುವ ಜಾಗ ಕಡಲಮಟ್ಟದ ಹತ್ತಿರವೇ ಇದೆ. ಡೈವಿಂಗ್ ವಿಮೆಯ ಕಾರ್ಡ್, ತುರ್ತು ಸಂಖ್ಯೆ ಇಬ್ಬರ ಫೋನಿನಲ್ಲೂ ಇರಲಿ, ಹತ್ತಿರದ ಚೇಂಬರ್ (ಡೈವಿಂಗ್ ಕಾಯಿಲೆಗೆ ಚಿಕಿತ್ಸೆ ಕೊಡುವ ಒತ್ತಡದ ಕೋಣೆ) ಈಗ ಕೆಲಸ ಮಾಡುತ್ತಿದೆಯೇ ಎಂದು ಬುಕಿಂಗ್ ಮಾಡುವಾಗಲೇ ರೆಸಾರ್ಟಿಗೆ ಬರೆದು ಕೇಳಿ.

ಕಾವೇರಿತೀರ

ಟಿಕೆಟ್ ಒಂದು ದಿನ ಮುಂದಕ್ಕೆ ಹಾಕಿದೆವು. 5 ಮಿ.ಮೀ. ಸೂಟ್‌ಗೆ ಹೇಳಿದ್ದೇವೆ. ಶನಿವಾರದಿಂದ ಕೊಳದಲ್ಲಿ ಬ್ಯಾಕ್ ಕಿಕ್.